ಬೋಣಿ ಮುಗಿದ ಮೇಲೆ

ನನ್ನ ಗಂಡ ಸುಧಾಕರ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಕಾಲವೇ ಔಷಧಿ ಎಂದರು. ಸಂಘಮಿತ್ರಾ ಮೇಡಂ ಚಹಾ ಕುಡಿದು, "ಸೋಮವಾರ ಬಾ, ಕೆಲಸ ಅದ," ಎಂದು ಎದ್ದರು. ಹೋದೆ.

ಮೇಡಂ ಕಲಬುರಗಿಯ ಕಾಲೇಜೊಂದರಲ್ಲಿ ವ್ಯಾಪಾರ ನೀತಿ ಕಲಿಸುತ್ತಾರೆ. ಗಂಡನ ಸಾವಿಗೆ ಮೊದಲೇ ನಾನು ಅವರ ಬಳಿ ಸಂಶೋಧನೆಗೆ ಸೇರಿದ್ದೆ. ಉಳಿದವರು ದೊಡ್ಡ ಕಂಪನಿಗಳ ಹಗರಣಗಳ ಬಗ್ಗೆ ಬರೆಯುತ್ತಿದ್ದಾಗ ಅವರ ಪ್ರಶ್ನೆ ಬೇರೆಯಿತ್ತು: ಸರಕಿನ ದೋಷ ಕಾಣದ ಗಿರಾಕಿಗೆ ದಾರಿಬದಿಯ ವ್ಯಾಪಾರಿಗಳು ನಿಜ ಹೇಳುತ್ತಾರೆಯೇ?

ಅದಕ್ಕಾಗಿ ವರ್ಷವಿಡೀ ಕಮಲಾಪುರಕ್ಕೆ ಓಡಾಡಿದೆವು. ಮಧ್ಯಾಹ್ನ ಮೇಡಂಗೆ ಪಾಠ, ಹಾಗಾಗಿ ಯಾವಾಗಲೂ ಬೆಳಗಿನ ಮೊದಲ ಬಸ್ಸು. ಹೆದ್ದಾರಿ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಹೆಂಗಸರು, ನಾವು ಕೇಳುವ ಮೊದಲೇ, "ಇದು ಒಳಗ ಕೊಳತಾದ, ಬ್ಯಾಡ," ಎಂದು ತೆಗೆದಿಡುತ್ತಿದ್ದರು. ಒಬ್ಬರೂ ಮುಚ್ಚಿಡಲಿಲ್ಲ. ಮೇಡಂ ಬರೆದ ಪ್ರಬಂಧವನ್ನು ಹೆಸರಾಂತ ಪತ್ರಿಕೆ ಒಪ್ಪಿಕೊಂಡಿತು. ಅದರ ಬಲದಿಂದಲೇ ಪ್ರೊಫೆಸರ್ ಹುದ್ದೆಯ ಸಂದರ್ಶನ. ನಿವೃತ್ತಿಗೆ ಮುಂಚೆ ಅದೇ ಕೊನೆಯ ಅವಕಾಶ.

ಸಂದರ್ಶನಕ್ಕೆ ವಾರವಿರುವಾಗ, ರಜೆಯ ದಿನ, ಹೆಂಗಸರಿಗೆ ಸುದ್ದಿ ಹೇಳಲು ಹೊರಟೆವು. ರೋಜಾ ಬಡಾವಣೆಯ ದರ್ಗಾದ ಉರುಸಿನ ಗದ್ದಲದಲ್ಲಿ ಆಟೊ ಸಿಕ್ಕಿಕೊಂಡು ಬಸ್ಸು ತಪ್ಪಿತು. ಮುಟ್ಟಿದಾಗ ಊಟದ ಹೊತ್ತು ಮೀರಿತ್ತು.

ಆ ಹೆಂಗಸರಲ್ಲಿ ಒಬ್ಬಳಾದ ಅಂಬಮ್ಮ ಕಾರಿನವರಿಗೆ ಹಣ್ಣು ಕಟ್ಟುತ್ತಿದ್ದಳು. ಕೆಳಗೆ ಮೆತ್ತಗಾದವು, ಮೇಲೆ ಗಟ್ಟಿ. ಬಾಯಿ ಬಿಡಲಿಲ್ಲ. ಕಾರು ಹೋಯಿತು.

"ಅವ್ರಿಗಿ ಯಾಕ ಹೇಳಲಿಲ್ಲ ಅಂಬಮ್ಮ?" ಎಂದರು ಮೇಡಂ.

"ಬೋಣಿ ಯಾವಾಗೋ ಆಗ್ಯಾದಲ್ರೀ. ಮುಂಜಾನಿ ಮೊದಲನೇ ಗಿರಾಕಿಗಿ ಖೋಟಿ ಮಾಡಿದ್ರ ದಿನಾನೇ ಹಾಳಾಗ್ತದ. ನೀವು ಕೋಳಿ ಕೂಗೋದ್ರಾಗ ಬರೋರು, ನಿಮಗ ಸುಳ್ಳ ಹೇಳಿ ನಾ ಉಪಾಸ ಬೀಳ್ಲೇನು?"

ಪಕ್ಕದ ಬುಟ್ಟಿಯ ಸಕೀನಾ ನಕ್ಕಳು. "ಇಲ್ಲಿ ನಿಮ್ಮ ಹೆಸರೇ ಬೋಣಿ ಮೇಡಂ ಅಂತ್ರೀ."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ನಮ್ಮ ಪ್ರತಿ ಭೇಟಿಯ ಹೊತ್ತು ನೋಡಿದರು: ಎಲ್ಲವೂ ಬೆಳಗಿನವೇ.

ಹಿಂದಿರುಗುವ ಬಸ್ಸಿನಲ್ಲಿ ನಾನೇ ಹೇಳಿದೆ, "ಯಾರಿಗೂ ಗೊತ್ತಾಗಂಗಿಲ್ರೀ ಮೇಡಂ. ಸಂದರ್ಶನ ಮುಗೀಲಿ, ಆಮ್ಯಾಲ ತಿದ್ದೋಣ."

"ಬೋಣಿ ಮುಗಿದ ಮ್ಯಾಲಾ?" ಎಂದರು.

ಅಂದೇ ಪ್ರಬಂಧವನ್ನು ಹಿಂಪಡೆದರು. ಸಂದರ್ಶನದಲ್ಲಿ ಕಾರಣವನ್ನೂ ಹೇಳಿದರು. ಹುದ್ದೆ ಬೇರೆಯವರಿಗೆ ಹೋಯಿತು. ಆ ದಿನ ಅವರ ಮುಖ ಬಾಡಿತ್ತು. ಮರುದಿನ ತರಗತಿಯ ಹಲಗೆಯ ಮೇಲೆ ತಮ್ಮ ಪ್ರಬಂಧದ ಹೆಸರು ಬರೆದು, "ಇದ್ರಾಗ ತಪ್ಪ ಎಲ್ಲದ, ಹುಡುಕ್ರಿ," ಎಂದರು.

ನಿವೃತ್ತಿ ಹತ್ತಿರವಿದ್ದರೂ ಮೇಡಂ ಮಧ್ಯಾಹ್ನದ ಪಾಠವನ್ನು ಬೆಳಿಗ್ಗೆಗೆ ಬದಲಿಸಿಕೊಂಡಿದ್ದರು. ತರಗತಿ ಮುಗಿಸಿ ಚೀಲ ಹೆಗಲಿಗೇರಿಸಿದರು.

"ನಡಿ. ಬಸ್ಸದ."

ಅಂಬಮ್ಮ ದೂರದಿಂದಲೇ ಕೂಗಿದಳು, "ಮತ್ತ ಈ ಹೊತ್ತಿನಾಗ ಬಂದ್ರ್ಯಾ? ಈಗ ನಾ ಖರೆ ಹೇಳಂಗಿಲ್ಲ ನೋಡ್ರಿ!"

"ಅದಕ್ಕ ಬಂದೀವಿ," ಎಂದು ಮೇಡಂ ಬುಟ್ಟಿಯ ಮುಂದೆ ಕುಳಿತರು. ನಾನೂ ಕುಳಿತೆ.