ಇಂಕಿನ ಕಲೆಯ ಕೋಟು

ಚಳಿ ಆಗತಾನೆ ಕಾಲಿಟ್ಟಿತ್ತು. ಸಂಜೆ ದೀಪ ಹಾಕುವ ಹೊತ್ತು. ಶಾಲೆಯಿಂದ ಬಂದ ಮೊಮ್ಮಗಳು ಬುಗುರಿ ಬಾಗಿಲಲ್ಲೇ ನಿಂತಳು. ಮೈಮೇಲೆ ನೀಲಿ ಕೋಟಿರಲಿಲ್ಲ.

"ಎಲ್ಲೇ ಕೋಟು?" ಎಂದಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಜ್ಜಿ.

"ಬೆಳಿಗ್ಗೆ ಇತ್ತು ಅಜ್ಜಿ."

"ಬೆಳಿಗ್ಗೆ ನನಗೂ ಸೊಂಟ ನೋವು ಇರಲಿಲ್ಲ."

ಹುಡುಗಿ ನಕ್ಕಳು. ಮರುಗಳಿಗೆ ಮುಖ ಸಣ್ಣಗಾಯಿತು. "ಅಮ್ಮನಿಗೆ ಹೇಳ್ಬೇಡ."

ಅಮ್ಮ ಎಂದರೆ ಅಜ್ಜಿಯ ಮಗಳು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ದಿನವಿಡೀ ಜನರ ಕೂಗಾಟ ಕೇಳಿ ಬಂದವಳಿಗೆ ಮನೆಯಲ್ಲಿ ಮೂಗಿನ ತುದಿಯಲ್ಲೇ ಕೋಪ. ಅಜ್ಜಿ ಅವಳಿಗೆ "ಕೋಟು ಒಗೆಯೋಕೆ ಹಾಕಿದೀನಿ" ಎಂದಳು. ಆ ಬೀದಿಯ ಮಕ್ಕಳ ಶಾಲೆ ಕೋಟುಗಳೆಲ್ಲ ಅಜ್ಜಿಯ ಕೈಯವೇ, ಬಟ್ಟೆಗೇನು ಬರವಿರಲಿಲ್ಲ. ಮಾರನೆಯ ದಿನ ಮಗಳು ಕೆಲಸಕ್ಕೆ ಹೋದ ಮೇಲೆ ಇನ್ನೊಂದು ಹೊಲಿದಳು. ಹೊಸದು ಹೊಸದಾಗಿಯೇ ಕಾಣುತ್ತದಲ್ಲ! ಸೋಪು ಹಾಕಿ ಕುಕ್ಕಿ ಕುಕ್ಕಿ ಒಗೆದಳು, ಮೊಣಕೈಯನ್ನು ಕಲ್ಲಿಗೆ ಉಜ್ಜಿದಳು, ಹಳೆಯದರಲ್ಲಿ ಇದ್ದ ಹಾಗೆ ಜೇಬಿನ ಮೂಲೆಗೆ ಒಂದು ಹನಿ ಇಂಕು ಇಟ್ಟಳು. ಮಗಳಿಗೆ ಗೊತ್ತೇ ಆಗಲಿಲ್ಲ.

ಆಮೇಲೆ ಇನ್ನೊಂದು ಕಳೆಯಿತು. ಮತ್ತೊಂದೂ ಕಳೆಯಿತು. ಶೂ ಹುಡುಕಿ ಕೊಡುವವಳು, ಚೀಲ ತುಂಬುವವಳು, ಓದುವಾಗ ಪಕ್ಕದಲ್ಲಿ ಕೂತು ಸಾಲಿನ ಮೇಲೆ ಬೆರಳಿಟ್ಟು ಸರಿಸುವವಳು, ಎಲ್ಲ ಅಜ್ಜಿಯೇ. ಮಕ್ಕಳೆಂದರೆ ಹಾಗೇ ಎಂದುಕೊಂಡಳು.

ಶಾಲೆಯ ಟೀಚರ್ ಹಾಗೆ ಅಂದುಕೊಳ್ಳಲಿಲ್ಲ. ಗಮನ ನಿಲ್ಲುವುದಿಲ್ಲ, ಹಿಡಿದದ್ದು ಮುಗಿಸುವುದಿಲ್ಲ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರು. ಮೂವರೂ ಹೋದರು. ಡಾಕ್ಟರಮ್ಮ ನಿಧಾನವಾಗಿ ಒಂದೊಂದೇ ಕೇಳಿದಳು. "ಮನೇಲೂ ಹೀಗೇನಾ? ವಸ್ತು ಕಳೀತಾಳಾ?"

"ಎಲ್ಲಿ ಡಾಕ್ಟ್ರೇ! ಎರಡು ವರ್ಷದಿಂದ ಒಂದೇ ಕೋಟು. ಇಂಕಿನ ಕಲೆ ಕೂಡ ಅದೇ, ನೋಡಿ," ಎಂದಳು ಮಗಳು, ಹೆಮ್ಮೆಯಿಂದ.

ಅಜ್ಜಿ ಆ ಕಲೆಯನ್ನೇ ನೋಡಿದಳು.

"ನೀವು ಹೇಳಿ ಅಜ್ಜಿ. ದಿನವಿಡೀ ನೋಡ್ಕೊಳ್ಳೋರು ನೀವಲ್ವಾ?"

"ಚಿನ್ನದಂಥ ಮಗು," ಎಂದಳು ಅಜ್ಜಿ. ನಾಲಿಗೆ ಮನೆಯ ಮಾನ ಕಾಯಲು ಹೋಯಿತು.

ಗಮನ ನಿಲ್ಲದ ತೊಂದರೆ ಇದ್ದರೆ ಶಾಲೆಯಲ್ಲೂ ಮನೆಯಲ್ಲೂ ಕಾಣಬೇಕು, ಸ್ವಲ್ಪ ದಿನ ಕಾದು ನೋಡೋಣ ಎಂದಳು ಡಾಕ್ಟರಮ್ಮ.

ಮಗಳು ಕಾಯಲಿಲ್ಲ. "ಮನೇಲಿ ಸರಿಯಿರೋಳಿಗೆ ಶಾಲೇಲಿ ಏನು ರೋಗ? ಕೊಬ್ಬು!" ಎಂದಳು. ಆಟ ನಿಂತಿತು. ಪೆಟ್ಟು ಶುರುವಾಯಿತು. ಅಜ್ಜಿ ಅಡ್ಡ ಹೋಗಿ ತಬ್ಬಿಕೊಳ್ಳುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಒಂದು ದಿನ ಅಜ್ಜಿ ಗುಂಡಿ ಹಾಕುತ್ತಿದ್ದಾಗ ಬುಗುರಿ ಹತ್ತಿರ ಬಂದು ಕೂತಳು. "ಅಜ್ಜಿ, ನಾನು ಬೇಕಂತಲೇ ಮಾಡ್ತೀನಂತೆ. ನಂಗೆ ಗೊತ್ತೇ ಆಗಲ್ಲ. ಆದ್ರೂ ಅಮ್ಮ ಅಷ್ಟು ಹೇಳ್ತಾಳೆ ಅಂದ್ರೆ ನಾನು ಕೆಟ್ಟೋಳೇ ಇರ್ಬೇಕು, ಅಲ್ವಾ?"

ಸೂಜಿ ಬೆರಳಿಗೆ ಚುಚ್ಚಿತು. ಅಜ್ಜಿಗೆ ನೋವು ತಿಳಿಯಲಿಲ್ಲ.

ಮರುದಿನ ಶಾಲೆಗೆ ನಡೆದುಹೋದಳು. ಮಕ್ಕಳು ಬಿಟ್ಟುಹೋದ ಸಾಮಾನಿನ ಬೀರು ತೆಗೆಸಿದಳು. ಹೆಸರಿಲ್ಲದ ಕೋಟುಗಳು ಒಂದರ ಮೇಲೊಂದು ಬಿದ್ದಿದ್ದವು. ಗುಂಡಿಯ ಕಾಜ ನೋಡಿ, ಕಲೆ ನೋಡಿ, ಬುಗುರಿಯವನ್ನೆಲ್ಲ ಆರಿಸಿ ತಂದು ಸಂಜೆ ಮಗಳ ಮುಂದೆ ಹರಡಿದಳು.

"ಯಾರವಮ್ಮ ಇವೆಲ್ಲ?"

"ಒಬ್ಬಳವೇ. ಅವಳು ಕಳೀತಿದ್ಲು, ನಾನು ಹೊಲೀತಿದ್ದೆ. ಕಲೆನೂ ನಾನೇ ಇಟ್ಟೆ."

ಮಗಳು ಒಂದೊಂದೇ ಜೇಬು ಮುಟ್ಟಿ ನೋಡಿದಳು. "ನೀನು ಚಿನ್ನ ಅಂದಿದ್ದು ನಂಬಿ ನಾನು ಅವಳ ಮೇಲೆ ಕೈ ಎತ್ತಿದೆನಲ್ಲಮ್ಮ," ಎಂದಳು.

ಅಜ್ಜಿ ಕೋಟುಗಳನ್ನು ಮಡಚಿ ಗಂಟು ಕಟ್ಟಿದಳು.

ಕೋಟುಗಳ ಗಂಟು ಡಾಕ್ಟರಮ್ಮನ ಮೇಜಿಗೂ ಹೋಯಿತು. ಅವಳು ಬೈಯಲಿಲ್ಲ. ಮೊದಲಿನಿಂದ ಮತ್ತೆ ಕೇಳಿದಳು, ಟೀಚರನ್ನೂ ವಿಚಾರಿಸಿದಳು. ಆಮೇಲೆ, "ಈ ಗಮನ ನಿಲ್ಲದ ತೊಂದರೆಗೆ ಎಡಿಎಚ್‌ಡಿ ಅಂತಾರೆ. ಕೊಬ್ಬೂ ಅಲ್ಲ, ಯಾರೂ ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ," ಎಂದಳು. ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ. ಹಸಿವು, ತೂಕ, ಎತ್ತರ ನೋಡಲು ಆಗಾಗ ಬರಬೇಕು. ಕೆಲಸವನ್ನು ಚೂರು ಚೂರು ಮಾಡಿ ಕೊಡಬೇಕು, ಮುಗಿಸಿದ ಕೂಡಲೇ ಶಹಬ್ಬಾಸ್ ಅನ್ನಬೇಕು. "ಅಜ್ಜಿ, ಇನ್ಮೇಲೆ ಕೋಟು ಹೊಲೀಬೇಡಿ. ಬಾಗಿಲ ಹತ್ರ ಒಂದು ಗೂಟ ಹೊಡೀರಿ."

"ಗೂಟ ಊಟಕ್ಕೆ ಮುಂಚೆನಾ, ಆಮೇಲಾ?" ಎಂದಳು ಬುಗುರಿ. ಎಲ್ಲರೂ ನಕ್ಕರು. ಅಜ್ಜಿ ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾತ್ರೆ ಪವಾಡವೇನೂ ಮಾಡಲಿಲ್ಲ. ಹಸಿವಾಗದೆ ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯುತ್ತಿತ್ತು, ಸಂಜೆ ಬುಗುರಿ ಕೇಳಿ ಕೇಳಿ ತಿನ್ನುತ್ತಿದ್ದಳು. ಆದರೂ ಒಂದು ದಿನ ಅಜ್ಜಿಯ ಬೆರಳಿನ ಸಹಾಯವಿಲ್ಲದೆ ಒಂದು ಪುಟ ಓದಿ, ತಾನೇ ಬೆರಗಾಗಿ ಅಜ್ಜಿಯ ಮುಖ ನೋಡಿದಳು.

ಚಳಿ ಮುಗಿಯುತ್ತಾ ಬಂದಿತ್ತು. ಬುಗುರಿ ಕೋಟಿಲ್ಲದೆ ಗೇಟಿನವರೆಗೆ ಹೋದಳು. ಕೋಟು ಗೂಟದಲ್ಲೇ ಇತ್ತು. ಅಜ್ಜಿ ಕೂಗಲಿಲ್ಲ, ಯಂತ್ರದ ಚಕ್ರವನ್ನು ಬಿಗಿಯಾಗಿ ಹಿಡಿದು ಕೂತಳು. ಹುಡುಗಿ ನಿಂತಳು, ಭುಜ ಸವರಿಕೊಂಡಳು, ಓಡಿ ಬಂದು ಕೋಟು ಎಳೆದು ಹಾಕಿಕೊಂಡಳು.

"ಶಹಬ್ಬಾಸ್," ಎಂದು ಅವಳಮ್ಮ ಕಾಲರು ಸರಿಮಾಡಲು ಕೈ ಎತ್ತಿದಳು. ಹುಡುಗಿ ಕಣ್ಣು ಮುಚ್ಚಿ ತಲೆ ತಗ್ಗಿಸಿದಳು.

ಎತ್ತಿದ ಕೈ ಹಾಗೇ ನಿಂತಿತು. ಅಜ್ಜಿಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬುಗುರಿ ಶಾಲೆಗೆ ಹೊರಟು ಹೋದಳು.