ಉಯ್ಯೂರು ದಾಟಿದ ಮೇಲೆ

ಟಣ್.

ಅಡುಗೆಮನೆಯ ಕತ್ತಲಲ್ಲಿ ಹೈಮಾವತಿಯ ಕೈ ಗ್ಯಾಸಿನ ರೆಗ್ಯುಲೇಟರಿನ ಮೇಲೇ ನಿಂತಿತು. ಮಲಗುವ ಮುಂಚೆ ಮುಚ್ಚಿದ್ದನ್ನು ನಡುರಾತ್ರಿ ಎದ್ದು ಬಂದು ಇನ್ನೊಮ್ಮೆ ಮುಟ್ಟಿ ನೋಡದಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ನಲ್ಲಿಯೇ ಇರಬೇಕೆಂದು ಅದರ ಬಾಯಿಗೆ ಬೆರಳಿಟ್ಟಳು. ಒಣಗಿತ್ತು. ಟಣ್. ಸದ್ದು ಕಿಟಕಿಯ ಆಚೆಯದು.

ಅಂಗಳದ ಬೇವಿನ ಮರದಡಿ ಮಾವಯ್ಯನ ಕಾಲದ ಬಿಳಿ ಕಾರು ನಿಂತಿತ್ತು. ಎಂಜಿನ್ ಎಣ್ಣೆ ಸೋರಿ ನೆಲ ಕೆಡುತ್ತದೆಂದು ಗಂಡ ಸಾಂಬಶಿವ ಅದರಡಿಗೆ ಅಗಲವಾದ ತಗಡೊಂದನ್ನು ಸರಿಸಿಟ್ಟಿದ್ದ. ಆ ತಗಡಿನ ಮೇಲೆ ಹನಿ ಬೀಳುತ್ತಿತ್ತು. ಕಿವಿಗೊಟ್ಟರೆ ಹನಿಯ ಹಿಂದೆ ಇನ್ನೊಂದು ಸದ್ದು, ದೂರದಲ್ಲೆಲ್ಲೋ ಲಾರಿ ನಿಂತು ಗುಂಯ್‌ಗುಡುವಂಥದು. ಎಸಿ ತಂಪು ಮಾಡಿದರೆ ಮಾತ್ರ ಕಾರಿನಡಿ ಹಾಗೆ ನೀರು ತೊಟ್ಟಿಕ್ಕುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಈ ಕಾರಿನ ಎಸಿ ಯುಗಾದಿಯಿಂದ ಈಚೆ ಬಿಸಿಗಾಳಿಯನ್ನಲ್ಲದೆ ಬೇರೇನನ್ನೂ ಊದಿರಲಿಲ್ಲ.

ಮುಚ್ಚಿದ ಕಾರಿನಲ್ಲಿ ಎಸಿ ಹಾಕಿಕೊಂಡು ಮಲಗಿದವರು ಏಳಲೇ ಇಲ್ಲವೆಂದು ಪತ್ರಿಕೆಯಲ್ಲಿ ಓದಿದ್ದೆಲ್ಲ ಒಮ್ಮೆಗೇ ನೆನಪಾಗಿ, ಹೈಮಾವತಿ ಬರಿಗಾಲಲ್ಲೇ ಅಂಗಳಕ್ಕೆ ಓಡಿದಳು. ಸ್ಟೀರಿಂಗ್ ಹಿಂದೆ ಅತ್ತೆ ಭ್ರಮರಾಂಬ ಕೂತಿದ್ದರು. ಬೆಜವಾಡದ ರೋಹಿಣಿ ಕಾರ್ತೆಯಲ್ಲಿ, ಕಾಗೆ ಕೂಡ ಬಾಯಿ ತೆರೆದುಕೊಂಡು ಕೂರುವ ಸೆಕೆಯಲ್ಲಿ, ಅವರು ಶಾಲು ಹೊದ್ದಿದ್ದರು. ಮೀಟರಿನ ಹಸಿರು ಬೆಳಕು ಗಲ್ಲದ ಮೇಲೆ ಬಿದ್ದಿತ್ತು. ಎರಡೂ ಕೈ ಸ್ಟೀರಿಂಗ್ ಮೇಲೆ. ಕಿಟಕಿಯ ಗಾಜು ನಾಲ್ಕು ಬೆರಳು ಇಳಿದಿದ್ದನ್ನು ಕಂಡು ಹೈಮಾವತಿಗೆ ಉಸಿರು ಬಂತು. ಎಡಗಡೆಯ ಬಾಗಿಲು ತೆರೆದಳು.

"ಬೇಗ ಹತ್ತಿ ಬಾಗಿಲು ಹಾಕು ಅಮ್ಮಾಯಿ, ತಂಪೆಲ್ಲ ಹೋಗ್ತದೆ."

ಹತ್ತಿ ಕೂತಳು. ಮುಖಕ್ಕೆ ತಣ್ಣನೆಯ ಗಾಳಿ ತಾಕಿತು.

"ಅತ್ತಯ್ಯಾ, ಏನು ಮಾಡ್ತಿದೀರಿ?"

"ಕಾಣ್ತಿಲ್ವಾ? ಬಂದರಿಗೆ ಹೋಗ್ತಿದೀನಿ."

ಮಚಲೀಪಟ್ನಂ ಅಂದರೆ ಅತ್ತಯ್ಯನಿಗೆ ಬರೀ ಬಂದರು. ಹುಟ್ಟಿದ ಊರು. ಮಾವಯ್ಯ ಹೋದಂದಿನಿಂದ ಒಮ್ಮೆ ಕರೆದುಕೊಂಡು ಹೋಗು ಎಂದು ಮಗನನ್ನು ಕೇಳುತ್ತಲೇ ಇದ್ದರು. ಎಸಿ ಸರಿಯಾಗಲಿ ಅಮ್ಮಾ, ಈ ಬಿಸಿಲಲ್ಲಿ ನೀನು ತಡೆಯಲ್ಲ ಎಂದು ಮಗ ಮುಂದೂಡುತ್ತಲೇ ಇದ್ದ. ಬಾಯಿಗೆ ಬಂದ ಬುದ್ಧಿಮಾತನ್ನು ಹೈಮಾವತಿ ನುಂಗಿಕೊಂಡಳು. ಬದಲಿಗೆ ಹೊರಟದ್ದು ಅವಳೇ ಎಣಿಸದ ಮಾತು.

"ಎಲ್ಲಿವರೆಗೆ ಬಂದ್ರಿ?"

"ಈಗಷ್ಟೇ ಉಯ್ಯೂರು ದಾಟಿದೆ. ಸಕ್ಕರೆ ಫ್ಯಾಕ್ಟರಿಯಿಂದ ಬೆಲ್ಲದ ಪಾಕದ ವಾಸನೆ ಬರ್ತಿಲ್ವಾ? ನಿನ್ನೆ ಕಂಕಿಪಾಡು ಹತ್ರ ತೂಕಡಿಕೆ ಬಂತು. ಅಲ್ಲೇ ನಿಲ್ಲಿಸಿಬಿಟ್ಟೆ."

ಹೈಮಾವತಿ ಮೂಸಿದಳು. ಹಳೆಯ ಸೀಟಿನ ಧೂಳು, ಬೇವಿನ ಹೂವು. ಮತ್ತೆ ಮೂಸಿದಳು. ಎದುರಿನ ಗಾಜಿನಾಚೆ ಬೇವಿನ ಕೊಂಬೆಗಳು ತೂಗುತ್ತಿದ್ದವು. ನೋಡುತ್ತ ಕೂತರೆ ಕೊಂಬೆ ನಿಂತಲ್ಲೇ ನಿಂತಿದೆಯೋ, ತಾವೇ ಅದರಡಿ ಸಾಗುತ್ತಿದ್ದೇವೋ ತಿಳಿಯದಂತಾಯಿತು.

"ಹೆದರಬೇಡ. ಗೇರು ಮುಟ್ಟಲ್ಲ. ಹ್ಯಾಂಡ್ ಬ್ರೇಕ್ ಎಳೆದಿದೀನಿ ನೋಡು. ನಂಗೇನು ಹುಚ್ಚೇ?" ಎಂದರು ಅತ್ತಯ್ಯ. "ನಿಮ್ಮ ಮಾವಯ್ಯ ಓಡಿಸೋದನ್ನ ಅಷ್ಟು ವರ್ಷ ನೀನು ಕೂತಿರೋ ಸೀಟಲ್ಲೇ ಕೂತು ನೋಡಿದೆ. ಬರೋ ಬೇಸಿಗೆ ಕಲಿಸ್ತೀನಿ ಅಂತಿದ್ರು. ಎಷ್ಟು ಬೇಸಿಗೆ ಬಂದು ಹೋದವೋ." ಆಮೇಲೆ ಮೆಲ್ಲಗೆ ಅಂದರು, "ಸಾಂಬನಿಗೆ ಹೇಳಬೇಡ. ನಗ್ತಾನೆ."

"ನಗಲ್ಲ ಅತ್ತಯ್ಯಾ."

"ನಗದಿದ್ರೆ ಇನ್ನೂ ಕಷ್ಟ. ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾನೆ."

ಅದು ನಿಜವೆಂದು ಹೈಮಾವತಿಗೆ ಗೊತ್ತಿತ್ತು. ಮೊದಲು ಕೀಲಿಕೈ ಬೀರು ಸೇರುತ್ತದೆ, ಆಮೇಲೆ ಬೀದಿ ಬಾಗಿಲಿಗೂ ಬೀಗ ಬೀಳುತ್ತದೆ.

ಎರಡು ದಿನ ಬಿಟ್ಟು ಗಂಡ ಹೆಂಡತಿ ಆಟೋನಗರದಲ್ಲಿ ಮೆಕ್ಯಾನಿಕ್ ಮಸ್ತಾನ್ ವಲಿಯ ಷೆಡ್ಡಿನಲ್ಲಿದ್ದರು. ಆವಕಾಯಿ ಉಪ್ಪಿನಕಾಯಿಗೆಂದು ಕೊಂಡ ಸಾಸಿವೆಪುಡಿ, ಖಾರದಪುಡಿಯ ಪೊಟ್ಟಣಗಳನ್ನು ಮಡಿಲಲ್ಲಿಟ್ಟುಕೊಂಡು ಹೈಮಾವತಿ ಮರದ ಬೆಂಚಿನ ಮೇಲೆ ಕೂತಿದ್ದಳು. ಸುತ್ತಲೂ ತಗಡು ಬಡಿಯುವ ಸದ್ದು. ಕನ್ನಡಕದ ಅಂಗಡಿ ಬಿಟ್ಟು ಬಂದಿದ್ದ ಸಾಂಬಶಿವ ಕರವಸ್ತ್ರದಿಂದ ಕುತ್ತಿಗೆ ಒರೆಸಿ ಒರೆಸಿ ಕೆಂಪಾಗಿದ್ದ.

ಮಸ್ತಾನ್ ಮೀಟರಿನ ಪೈಪು ಸಿಕ್ಕಿಸಿ ಮುಳ್ಳು ನೋಡಿದ. "ಎಸಿ ಗ್ಯಾಸ್ ಭರ್ತಿ ಇದೆ ಸಾರ್."

"ಇರದೆ ಎಲ್ಲಿಗೆ ಹೋಗುತ್ತೆ? ಎರಡು ಸಲ ತುಂಬಿಸಿದೀಯ. ಖಾಲಿ ಆಗಿರೋದು ನನ್ನ ಜೇಬು."

ಮಸ್ತಾನ್ ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೊರೆ ಬಳಿದು ಬಗ್ಗಿ ನೋಡಿದ. ಗುಳ್ಳೆ ಏಳಲಿಲ್ಲ. ಫ್ಯೂಸು ಕಿತ್ತು ಬೆಳಕಿಗೆ ಹಿಡಿದ. ಸರಿಯಾಗಿಯೇ ಇತ್ತು. ಕೊನೆಗೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ.

"ಕಂಪ್ರೆಸರೇ ಹೋಗಿದೆ. ಬೇರೆ ಹಾಕಬೇಕು."

"ಹೋದ ಸಲ ಗ್ಯಾಸ್ ಅಂದೆ, ಈ ಸಲ ಕಂಪ್ರೆಸರ್ ಅಂತೀಯ. ಮುಂದಿನ ಸಲ ಕಾರೇ ಹೋಗಿದೆ ಅಂತೀಯ!" ಸಾಂಬಶಿವ ಕೈ ಕೊಡವಿದ. "ಸಾಕಪ್ಪ. ಕಾರು ಕೊಳ್ಳೋ ಗುಡಿವಾಡದವನು ಭಾನುವಾರ ಬರ್ತೀನಿ ಅಂದಿದಾನೆ. ಹೇಗಿದೆಯೋ ಹಾಗೇ ತಗೊಂಡು ಹೋಗ್ಲಿ."

ಹೈಮಾವತಿಯ ಮಡಿಲಿನ ಪೊಟ್ಟಣ ಕರಕರ ಎಂದಿತು. ಭಾನುವಾರವೆಂದರೆ ನಾಡಿದ್ದು. ಹಿಂದಿನ ರಾತ್ರಿಯಷ್ಟೇ ಅತ್ತಯ್ಯ ಅರ್ಧ ದಾರಿ ದಾಟಿ ಪಾಮರ್ರು ಸೇರಿದ್ದರು.

"ಒಂದು ಮಾತು ಹೇಳಿ ಸಾರ್," ಮಸ್ತಾನ್ ತಲೆ ಕೆರೆದುಕೊಂಡ. "ಅಪ್ಪಿತಪ್ಪಿ ಯಾವತ್ತಾದ್ರೂ ತಂಪು ಬಂದಿದ್ದುಂಟಾ? ಬೆಳಗಿನ ಜಾವ? ರಾತ್ರಿ?"

"ಒಂದು ದಿನಾನೂ ಇಲ್ಲ. ಮಧ್ಯಾಹ್ನ ಊಟಕ್ಕೆ ಹೋಗಿ ಬರೋಕೆ ಬಿಟ್ಟು ನಾನು ಕಾರು ತೆಗೆಯೋದೇ ಇಲ್ಲ. ರಾತ್ರಿ ಯಾರಪ್ಪ ಓಡಿಸ್ತಾರೆ?"

ಮಸ್ತಾನ್ ಪೈಪು ಬಿಚ್ಚತೊಡಗಿದ. ಹೇಳಿದರೆ ಮುಂದಿನ ಪ್ರಶ್ನೆ ಏನೆಂಬುದು ಹೈಮಾವತಿಗೆ ಗೊತ್ತಿತ್ತು. ಹೇಳದಿದ್ದರೆ ಭಾನುವಾರ ಏನಾಗುವುದೆಂಬುದೂ ಗೊತ್ತಿತ್ತು. ಯಾವ ಮಾತನ್ನೂ ಎರಡು ಸಲ ತೂಗದೆ ಆಡುವವಳಲ್ಲ ಅವಳು. ಈ ಸಲ ತೂಗಲು ಹೊತ್ತಿರಲಿಲ್ಲ.

"ರಾತ್ರಿ ಬರುತ್ತೆ," ಎಂದಳು. "ತುಂಬಾ ತಂಪು ಬರುತ್ತೆ. ಕಾರಿನ ಕೆಳಗೆ ನೀರು ಕೂಡ ಬೀಳುತ್ತೆ."

ಇಬ್ಬರೂ ತಿರುಗಿ ನೋಡಿದರು.

"ನಿನಗೆ ಹೇಗೆ ಗೊತ್ತು?" ಎಂದ ಸಾಂಬಶಿವ.

"ನಾನೇ ಹಾಕ್ಕೊಂಡು ಕೂತಿರ್ತೀನಿ. ಕೂಲರ್ ಸದ್ದಿಗೆ ನಿದ್ದೆ ಬರಲ್ಲ."

ಸಾಂಬಶಿವನ ಕರವಸ್ತ್ರ ಕುತ್ತಿಗೆಯಲ್ಲೇ ನಿಂತಿತು. "ಅಂದ್ರೆ ಪೆಟ್ರೋಲ್ ಕುಡೀತಿದ್ದ ದೆವ್ವ ನೀನೇನಾ? ಎದುರು ಮನೆ ಹುಡುಗ ಕದೀತಿದಾನೆ ಅಂತ ನಾನು ಅವನ ಜೊತೆ ಮಾತು ಬಿಟ್ಟು ಎಷ್ಟು ದಿನ ಆಯ್ತು!"

"ಇವತ್ತು ಮಾತಾಡಿಬಿಡಿ."

ಮಸ್ತಾನ್ ನಗಲಿಲ್ಲ. ಅವನ ಕಣ್ಣು ಆಗಲೇ ಬಾನೆಟ್ಟಿನ ಒಳಗಿತ್ತು. "ರಾತ್ರಿ ಬರುತ್ತೆ, ಹಗಲು ಬರಲ್ಲ," ಎಂದು ತನಗೇ ಹೇಳಿಕೊಂಡ. ಎಂಜಿನ್ ಚಾಲೂ ಮಾಡಿ ಎಸಿ ಒತ್ತಿದ. ಸದ್ದಿಲ್ಲ. ಉದ್ದನೆಯ ಕಟ್ಟಿಗೆಯೊಂದನ್ನು ತಂದು ಕಂಪ್ರೆಸರಿನ ಮುಂದಿದ್ದ ತಟ್ಟೆಯನ್ನು ಜೋಪಾನವಾಗಿ ಒಳಕ್ಕೆ ನೂಕಿದ.

ಟಕ್. ಎಂಜಿನ್ ಒಮ್ಮೆ ದಮ್ಮು ಕಟ್ಟಿದಂತೆ ತಗ್ಗಿ ಮತ್ತೆ ಎದ್ದಿತು. ಅಷ್ಟರಲ್ಲಿ ಒಳಗೆ ಹೋಗಿ ಕೂತಿದ್ದ ಸಾಂಬಶಿವ, "ಅಬ್ಬಬ್ಬಾ!" ಎಂದು ಗಾಳಿಯ ಕಿಂಡಿಗೆ ಮುಖವನ್ನೇ ಒಡ್ಡಿದ.

"ಕಂಪ್ರೆಸರ್ ಚೆನ್ನಾಗೇ ಇದೆ. ನಾನೇ ಸುಮ್ಮನೆ ಅದರ ತಿಥಿ ಮಾಡಿಬಿಡ್ತಿದ್ದೆ," ಎಂದ ಮಸ್ತಾನ್. "ಈ ತಟ್ಟೇನ ಹಿಂದೆ ಇರೋ ಆಯಸ್ಕಾಂತ ಎಳ್ಕೋಬೇಕಮ್ಮ. ಸವೆದು ಸವೆದು ನಡುವೆ ಸಂದಿ ಬಿದ್ದಿದೆ. ತಣ್ಣಗಿದ್ದಾಗ ಹೇಗೋ ಎಳ್ಕೊಳ್ಳುತ್ತೆ, ಬಿಸಿ ಏರಿದ್ರೆ ಶಕ್ತಿ ಸಾಲಲ್ಲ. ಗಂಡ ಹೆಂಡ್ತಿ ಥರಾನೇ."

"ನಿನ್ನ ಮನೆ ಸಮಾಚಾರ ನಮಗೆ ಬೇಡ, ಕೆಲಸ ನೋಡು," ಎಂದ ಸಾಂಬಶಿವ, ಕಿಂಡಿಯಿಂದ ಮುಖ ತೆಗೆಯದೆ.

ಎಂಜಿನ್ ಆರಿದ ಮೇಲೆ ಮಸ್ತಾನ್ ತಟ್ಟೆ ಬಿಚ್ಚಿ, ಅದರ ಹಿಂದಿನಿಂದ ಉಗುರಿನಷ್ಟು ತೆಳ್ಳಗಿನ ಉಂಗುರವೊಂದನ್ನು ತೆಗೆದು ಹೈಮಾವತಿಯ ಅಂಗೈಗೆ ಹಾಕಿದ. ಸಂದಿ ಅಷ್ಟು ಕಡಿಮೆಯಾದರೆ ಸಾಕಂತೆ. ಮನೆಗೆ ಬರುವ ದಾರಿಯುದ್ದಕ್ಕೂ ಕಿಟಕಿ ಮುಚ್ಚಿಯೇ ಇತ್ತು. ಬಂದರು ಕಾಲುವೆಯ ಹತ್ತಿರ ಸಾಂಬಶಿವ, "ಈ ಬೇಸಿಗೆ ಕಳೀಲಿ, ಆಮೇಲೆ ನೋಡೋಣ ಅಂತ ಗುಡಿವಾಡದವನಿಗೆ ಹೇಳಿಬಿಡ್ತೀನಿ," ಎಂದ. ಉಂಗುರ ಹೈಮಾವತಿಯ ಮುಷ್ಟಿಯೊಳಗೆ ಬೆಚ್ಚಗಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಕೇಳಿದೀಯಾ? ನಿನ್ನ ಸೊಸೆ ನಡುರಾತ್ರಿ ಕಾರಲ್ಲಿ ಎಸಿ ಹಾಕ್ಕೊಂಡು ಕೂರ್ತಾಳಂತೆ! ಮಹಾರಾಣಿ!"

ಭ್ರಮರಾಂಬರ ಕೈಯಲ್ಲಿದ್ದ ತುಪ್ಪದ ಚಮಚ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಸೊಸೆಯ ಮುಖ ನೋಡಿದರು. ಹೈಮಾವತಿ ತೊವ್ವೆ ಹಾಕಿದ ಪಪ್ಪನ್ನ ಕಲೆಸುತ್ತಿದ್ದಳು, ಕಲೆಸಿದ್ದನ್ನೇ ಮತ್ತೆ ಕಲೆಸುತ್ತಿದ್ದಳು.

"ಕೂತ್ಕೊಳ್ಳಲಿ ಬಿಡು," ಎಂದರು. "ಕೂತಲ್ಲೇ ಕೂತಿದ್ರೆ ನಿನ್ನ ಗಂಟೇನು ಹೋಯ್ತು?"

"ಪೆಟ್ರೋಲ್ ಅಮ್ಮಾ, ಪೆಟ್ರೋಲ್!"

"ನಿಮ್ಮಪ್ಪ ಸಿಗರೇಟಿಗೆ ಸುಟ್ಟಿದ್ದರ ಮುಂದೆ ಇದೇನು ಮಹಾ." ಚಮಚ ಇಳಿದು ಬಂದು ಸೊಸೆಯ ಅನ್ನದ ಮೇಲೆ ತುಪ್ಪ ಸುರಿಯಿತು. ಮತ್ತೊಂದು ಚಮಚ ಸುರಿಯಿತು. ಮಗನಿಗೆ ಒಂದೇ.

"ಹೋಗ್ಲಿ, ಬರೋ ವಾರ ನಿನ್ನನ್ನ ಬಂದರಿಗೆ ಕರ್ಕೊಂಡು ಹೋಗ್ತೀನಿ. ಇನ್ನು ಎಸಿ ನೆಪ ಹೇಳಲ್ಲ," ಎಂದ ಸಾಂಬಶಿವ.

"ನೋಡೋಣ. ಇನ್ನು ಬಹಳ ದೂರ ಏನಿಲ್ಲ," ಎಂದರು ಅತ್ತಯ್ಯ. ಹೈಮಾವತಿಗೆ ತುತ್ತು ನೆತ್ತಿಗೇರಿತು.

ಅಂದು ನಡುರಾತ್ರಿ ಅಭ್ಯಾಸದಂತೆ ಅಡುಗೆಮನೆಗೆ ಬಂದು ರೆಗ್ಯುಲೇಟರ್ ಮುಟ್ಟಿದಳು. ಕಿಟಕಿಯಾಚೆ ಗುಂಯ್‌ಗುಡುವ ಸದ್ದಿತ್ತು. ಟಣ್, ಟಣ್. ಹೋಗಿ ಪಕ್ಕದಲ್ಲಿ ಕೂರಲೇ ಎಂದುಕೊಂಡಳು. ಕೊನೆಯ ದಾರಿಯನ್ನು ಅತ್ತಯ್ಯ ಒಬ್ಬರೇ ಹೋಗಲಿ ಅನ್ನಿಸಿತು. ಗೋಡೆಗೊರಗಿ ನಿಂತು ಕೇಳುತ್ತಿದ್ದಳು. ಎಷ್ಟು ಹೊತ್ತೋ. ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿರುವಾಗ ಗುಂಯ್‌ಗುಡುವ ಸದ್ದು ಬೇರೆಯಾಯಿತು, ಎದ್ದಿತು, ತಗ್ಗಿತು. ಆಮೇಲೆ ಹನಿ ಬೀಳುವ ಸದ್ದು ಕೇಳಿಸಲಿಲ್ಲ. ಎಸಿ ನಿಲ್ಲಿಸಿರಬೇಕು ಎಂದುಕೊಂಡು ನಿದ್ದೆಗಣ್ಣಿನಲ್ಲೇ ಹೋಗಿ ಮಲಗಿದಳು.

ಬೆಳಗ್ಗೆ ನೀರಿನ ಚೊಂಬು, ರಂಗೋಲಿ ಡಬ್ಬ ಹಿಡಿದು ಅಂಗಳಕ್ಕೆ ಬಂದರೆ ತಗಡು ಕಾರಿನ ಹಿಂದೆ ಬಿಸಿಲಿಗೆ ತೆರೆದು ಬಿದ್ದಿತ್ತು. ಅದರ ಮೇಲಿನ ನೀರು ಆಗಲೇ ಆರತೊಡಗಿತ್ತು. ಕಾರಿನಡಿಯ ಬರಿಯ ಮಣ್ಣಿನಲ್ಲಿ ಇನ್ನೊಂದು ಒದ್ದೆ ಗುರುತು, ದುಂಡಗೆ, ಕಪ್ಪಗೆ. ಉದುರಿದ ಬೇವಿನ ಹೂವಿನ ಮೇಲೆ ಚಕ್ರದ ಎರಡು ಗೆರೆ ಒತ್ತಿ ಹೋಗಿದ್ದವು. ಕಾರಿನ ಮೂತಿಯಿಂದ ಗೇಟಿಗೆ ಇನ್ನು ನಾಲ್ಕು ಮಾರು ಉಳಿದಿತ್ತು. ಗಾಜಿನೊಳಗೆ ಬಗ್ಗಿ ನೋಡಿದಳು. ಹ್ಯಾಂಡ್ ಬ್ರೇಕ್ ಎಳೆದೇ ಇತ್ತು.

"ಅಮ್ಮಾಯಿ, ಕಾಫಿಗೆ ಹಾಲು ಇಟ್ಟೆ," ಒಳಗಿನಿಂದ ಭ್ರಮರಾಂಬ ಕೂಗಿದರು. "ರಾತ್ರಿ ಚೆನ್ನಾಗಿ ನಿದ್ದೆ ಬಂತಾ?"

"ಬಂತು ಅತ್ತಯ್ಯಾ. ಎಚ್ಚರವೇ ಆಗಲಿಲ್ಲ."

ಗಂಡನಿಗೆ ಹೇಳುವ ಮಾತಂತೂ ಇರಲಿಲ್ಲ. ತಾನು ಕಂಡದ್ದನ್ನು ಅತ್ತಯ್ಯನಿಗೂ ಹೇಳಬಾರದು ಅನ್ನಿಸಿತು. ಪೊರಕೆ ತಂದು ಹೂವಿನ ಮೇಲಿನ ಗೆರೆಗಳನ್ನು ಗುಡಿಸಿದಳು. ತಗಡನ್ನು ಕಾಲಿನಿಂದ ಮೆಲ್ಲಗೆ ನೂಕಿ ಕಾರಿನಡಿಗೆ ಸೇರಿಸಿದಳು. ಚೊಂಬಿನ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸುತ್ತ ಗೇಟಿನವರೆಗೂ ಹೋದಳು. ಎಲ್ಲ ಕಡೆ ಮಣ್ಣು ಒಂದೇ ಬಣ್ಣವಾದ ಮೇಲೆ, ಗೇಟಿನ ಎದುರು ಕೂತು, ನಡುವೆ ಒಂದು ಕಾರು ದಾಟುವಷ್ಟು ಜಾಗ ಬಿಟ್ಟು, ಮೊದಲ ಚುಕ್ಕಿ ಇಟ್ಟಳು.