ಬಿಸಿಲು ಬರೆದ ಅಪ್ಪ

ಆ ಬಂಗಲೆಯ ಮುಂಬಾಗಿಲಿನಿಂದ ನಾನು ಮೊದಲ ಸಲ ಒಳಗೆ ಹೋದದ್ದು ಐವತ್ತಮೂರನೆಯ ವಯಸ್ಸಿನಲ್ಲಿ, 'ಅತಿಥಿ ಕಲಾವಿದೆ' ಎಂಬ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು. ಅದಕ್ಕೆ ಮುಂಚೆ ಹಿಂದಿನ ಗೇಟೇ ನಮ್ಮ ಗೇಟು. ಅಪ್ಪ ಅಲ್ಲಿ ಮೂವತ್ತೊಂದು ವರ್ಷ ತೋಟದ ಕೆಲಸ ಮಾಡಿದರು. ಅಮ್ಮ ದಿನಾ ಮಧ್ಯಾಹ್ನ ಆ ಗೇಟಿನ ಕಂಬಿಗಳ ಸಂದಿಯಿಂದ ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದಳು. ಮುಂಬಾಗಿಲಿನ ಹನ್ನೊಂದು ಮೆಟ್ಟಿಲುಗಳನ್ನು ಅವಳು ಒಮ್ಮೆಯೂ ಹತ್ತಿದವಳಲ್ಲ. ಈಗ ಬಂಗಲೆ ಎಲ್ಲರೂ ಬಂದು ನೋಡುವ ಜಾಗ. ಹಜಾರದಲ್ಲಿ ಹಳೆಯ ಯಜಮಾನರ ಏಳು ಪಟಗಳಿವೆ, ಅವರ ನಾಯಿಯದ್ದೂ ಒಂದಿದೆ. ತೋಟ ಬೆಳೆಸಿದವರದ್ದು ಒಂದೂ ಇಲ್ಲ. ನಾಯಿಗೆ ಸಿಕ್ಕ ಮರ್ಯಾದೆ ಅಪ್ಪನಿಗೆ ಸಿಗಲಿಲ್ಲವಲ್ಲ ಎಂದು ಮೊದಲ ದಿನವೇ ನನ್ನ ಹೊಟ್ಟೆ ಉರಿಯಿತು.

ಎಪ್ಪತ್ತು ದಿನ ಅಲ್ಲಿದ್ದು, ತೋಟವನ್ನೇ ವಸ್ತುವಾಗಿಟ್ಟುಕೊಂಡು ಚಿತ್ರ ಮಾಡಿ, ಕೊನೆಗೆ ಪ್ರದರ್ಶನ ಇಡಬೇಕು ಎಂಬುದು ಒಪ್ಪಂದ. ವ್ಯವಸ್ಥಾಪಕಿಯ ಮುಂದೆ ಎಲ್ಲದಕ್ಕೂ ತಲೆಯಾಡಿಸಿದೆ. ಮನಸ್ಸಿನಲ್ಲಿದ್ದದ್ದು ಒಂದೇ: ಅಪ್ಪನ ಮುಖ ಆ ಹಜಾರದ ಗೋಡೆಯ ಮೇಲಿರಬೇಕು, ಅಮ್ಮ ಮುಂದಿನ ಮೆಟ್ಟಿಲು ಹತ್ತಿ ಬಂದು ಅದನ್ನು ನೋಡಬೇಕು.

ಅಮ್ಮನಿಗೆ ಎಂಬತ್ತೊಂದು. ಅಪ್ಪ ತೀರಿಕೊಂಡ ಮೇಲೆ ಎರಡು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು, ಆಪರೇಷನ್ ಅಂದರೆ ಸಾಕು ಮುಸುಕು ಹೊದ್ದು ಮಲಗಿಬಿಡುತ್ತಿದ್ದಳು. ಅಪ್ಪನ ಚಿತ್ರ ಮಾಡುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ, "ಅವ್ರನ್ನ ಅಷ್ಟು ದೊಡ್ಡದಾಗಿ ನೋಡೋಕೆ ಸಿಗತ್ತೆ ಅಂದ್ರೆ ಕಣ್ಣು ಮಾಡಿಸ್ಕೋತೀನಿ," ಅಂದಳು. ಮುಂದಿನ ವಾರವೇ ಮಾಡಿಸಿಕೊಂಡಳು. ಚೆನ್ನಾಗಿ ಆಗಿದೆ ಎಂದರು ಡಾಕ್ಟರು.

ನಾನು ಚಿತ್ರ ಮಾಡುವ ರೀತಿ ಸ್ವಲ್ಪ ವಿಚಿತ್ರ. ಎಲೆಯನ್ನೋ ಹೂವನ್ನೋ ಅರೆದು ರಸ ಹಿಂಡಿ ಕಾಗದಕ್ಕೆ ಬಳಿಯುತ್ತೇನೆ. ಒಣಗಿದ ಮೇಲೆ ಫೋಟೋ ಇರುವ ಪಾರದರ್ಶಕ ಫಿಲ್ಮನ್ನು ಅದರ ಮೇಲಿಟ್ಟು, ಗಾಜು ಮುಚ್ಚಿ, ಬಿಸಿಲಿಗೆ ಇಡುತ್ತೇನೆ. ಬಿಸಿಲು ಬಿದ್ದ ಕಡೆ ಬಣ್ಣ ಹಾರಿಹೋಗುತ್ತದೆ, ಫಿಲ್ಮಿನ ಕಪ್ಪು ಕಾಪಾಡಿದ ಕಡೆ ಉಳಿಯುತ್ತದೆ. ಹಾಗೆ ಮುಖ ಮೂಡುತ್ತದೆ. ಮೂಡಿದ ಮೇಲೆ ಮತ್ತೆ ಬಿಸಿಲು ತಗುಲಿದರೆ ಉಳಿದ ಬಣ್ಣವೂ ಹೋಗುತ್ತದೆ. ಅದನ್ನು ತಡೆಯುವ ಮದ್ದು ಯಾವುದೂ ಇಲ್ಲ, ನೆರಳಿನಲ್ಲಿ ಇಡಬೇಕು ಅಷ್ಟೇ.

ಎಲೆಯ ಹಸಿರಿಗೆ ಮೂರು ವಾರದ ಬಿಸಿಲು ಬೇಕು. ನಾನು ಕಾಗದ ಇಟ್ಟ ದಿನವೇ ಮೋಡ ಕವಿಯಿತು. ಒಂದು ವಾರ, ಎರಡು ವಾರ, ಐದು ವಾರ. ಬೆಳಗಾದರೆ ಕಿಟಕಿಗೆ ಓಡುತ್ತಿದ್ದೆ, ಆಕಾಶ ಒದ್ದೆ ಗೋಣಿಯಂತೆ ಬಿದ್ದಿರುತ್ತಿತ್ತು. ಗಾಜೆತ್ತಿ ನೋಡಿದರೆ ಬರೀ ಹಸಿರು. ಮೂರು ಸಲ ಮಾಡಿದೆ, ಮೂರೂ ಹಾಳಾಯಿತು. ಊಟ ಸೇರುತ್ತಿರಲಿಲ್ಲ. ಉಳಿದ ಚಿತ್ರಗಳೆಲ್ಲ, ಪೆನ್ಸಿಲಿನಲ್ಲಿ ಬರೆದ ಗಿಡಮರಗಳು, ಹೇಗೋ ಮುಗಿದವು. ಅಪ್ಪ ಮಾತ್ರ ಬರಲಿಲ್ಲ.

ಈ ಪಾಡನ್ನೆಲ್ಲ ನೋಡುತ್ತಿದ್ದವರು ಕತ್ತರಿ ಮಾಮ. ಈಗಿನ ಹಿರಿಯ ಮಾಲಿ. ಇಪ್ಪತ್ತರ ಹರೆಯದಲ್ಲಿ ಅಪ್ಪನ ಕೈಕೆಳಗೆ ಕೆಲಸ ಕಲಿತವರು, ಇವತ್ತಿಗೂ ಅಪ್ಪನನ್ನು ಮೇಷ್ಟ್ರು ಅನ್ನುತ್ತಾರೆ. ಗಿಡ ಸವರುವ ಕತ್ತರಿ ಸೊಂಟದಲ್ಲಿಲ್ಲದೆ ಅವರನ್ನು ಯಾರೂ ನೋಡಿಲ್ಲ, ಮದುವೆಯ ಫೋಟೋದಲ್ಲೂ ಇದೆಯೆಂದು ಅವರ ಹೆಂಡತಿ ದೂರುತ್ತಾರಂತೆ. ಏನು ಮಾಡುತ್ತಿದ್ದೀಯ ಎಂದು ಅವರು ಕೇಳಿದಾಗಲೆಲ್ಲ ನಾನು ಸಿಡುಕುತ್ತಿದ್ದೆ. ಒಂದು ದಿನ ಮಾತ್ರ ತಾಳ್ಮೆ ತಂದುಕೊಂಡು, "ಬರೆಯೋದು ನಾನಲ್ಲ ಮಾಮ, ಬಿಸಿಲು. ಬಿಸಿಲು ಬಿದ್ದಷ್ಟೂ ಮುಖ ಬಿಡಿಸ್ಕೊಳ್ಳತ್ತೆ," ಎಂದೆ. ಅರ್ಧ ಹೇಳಿದೆ. ಉಳಿದರ್ಧ ಹೇಳುವಷ್ಟು ವ್ಯವಧಾನ ಆವತ್ತು ನನಗಿರಲಿಲ್ಲ. ಅಂದಿನಿಂದ ಅವರೂ ನನ್ನ ಜೊತೆ ಆಕಾಶ ನೋಡತೊಡಗಿದರು.

ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ಬಾವಿಯ ಪಕ್ಕದ ಮಡಿಯಲ್ಲಿ ಅಪ್ಪ ಹಾಕಿದ್ದ ಕೆಂಪು ಹೂಗಳು ನೆನಪಾದವು. ತೆಳು ಎಸಳಿನ ಹೂವು, ಮುಟ್ಟಿದರೆ ಬೆರಳಿಗೆ ಬಣ್ಣ. ಅದರ ರಸಕ್ಕೆ ಒಂದೇ ದಿನದ ಬಿಸಿಲು ಸಾಕು. ಒಂದು ದಿನದಲ್ಲಿ ಮೂಡುವುದು ಒಂದು ದಿನದಲ್ಲೇ ಹೋಗುತ್ತದೆ ಎಂದು ಗೊತ್ತಿತ್ತು, ಆದರೆ ಬೇರೆ ದಾರಿ ಇರಲಿಲ್ಲ. ಮಾಮ ಮಡಿಯಲ್ಲಿದ್ದ ಕೊನೆಯ ಹೂವಿನವರೆಗೂ ಕಿತ್ತುಕೊಟ್ಟರು. ಮಾರನೆಯ ದಿನ ಯಾರ ಪುಣ್ಯವೋ, ಬಿಸಿಲು ಬಿತ್ತು. ಸಂಜೆ ಗಾಜು ತೆಗೆದೆ. ಬಿಸಿಗೆ ಫಿಲ್ಮು ಕಾಗದಕ್ಕೆ ಅಂಟಿಕೊಂಡಿತ್ತು, ಎಳೆದಾಗ ಅಡ್ಡಡ್ಡ ಹರಿಯಿತು. ಹರಿದರೆ ಹರಿಯಲಿ. ಕೆಳಗೆ ಅಪ್ಪ ಇದ್ದರು. ನಸುಗೆಂಪು ಬಣ್ಣದಲ್ಲಿ, ಸ್ವಲ್ಪ ಮಸುಕಾಗಿ, ಎಡಹುಬ್ಬಿನ ಗಾಯದ ಗುರುತಿನ ಸಮೇತ. ನಾನು ನೆಲದ ಮೇಲೆ ಕೂತು ಅತ್ತೆ. ಮಾಮ ಹಿಂದೆ ನಿಂತು ಬಗ್ಗಿ ನೋಡಿ, ಮೇಷ್ಟ್ರು ಇನ್ನೂ ಸ್ವಲ್ಪ ಬಿಡಿಸಿಕೊಳ್ಳಬೇಕು ಅಲ್ವಾ ಎಂದರು. ಅಳುವಿನಲ್ಲಿ ನಾನು ಹೂಂಗುಟ್ಟಿದೆ.

ಪ್ರದರ್ಶನದ ಬೆಳಿಗ್ಗೆ ಹಜಾರದ ಅತಿ ಕತ್ತಲಿನ ಮೂಲೆಯಲ್ಲಿ, ನಾಯಿಯ ಪಟದ ಪಕ್ಕದಲ್ಲೇ, ಅಪ್ಪನನ್ನು ತೂಗುಹಾಕಿ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟೆ. ನಾನು ಬರುವವರೆಗೆ ಬಟ್ಟೆ ತೆಗೆಯಬಾರದೆಂದು ವ್ಯವಸ್ಥಾಪಕಿಗೆ ಹೇಳಿ, ಅವರು ಹೂಂ ಅಂದ ಮೇಲೆ ಬಾಡಿಗೆ ಕಾರು ಹಿಡಿದು ಅಮ್ಮನನ್ನು ಕರೆತರಲು ಹೋದೆ. ಮಾಮನಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ವಾಪಸು ದಾರಿಯುದ್ದಕ್ಕೂ ಅಮ್ಮ ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ ಓದಿದಳು. ಔಷಧಿ ಅಂಗಡಿ, ಬೀಗದ ರಿಪೇರಿ, ಇಲ್ಲಿ ಉಗುಳಬಾರದು. ಒಂದನ್ನೂ ಬಿಡಲಿಲ್ಲ. ಡ್ರೈವರು ನಗುತ್ತಿದ್ದ. ಹನ್ನೊಂದು ಮೆಟ್ಟಿಲನ್ನು ನನ್ನ ತೋಳು ಹಿಡಿದು ಹತ್ತಿದಳು, ಪ್ರತಿಯೊಂದನ್ನೂ ಬಾಯಲ್ಲಿ ಎಣಿಸಿದಳು. ಮೇಲೆ ನಿಂತು ಸೆರಗು ಸರಿಮಾಡಿಕೊಂಡು, ಕೂದಲು ಸರಿಯಿದೆಯಾ ಎಂದು ಕೇಳಿದಳು.

ಮೂಲೆಯಲ್ಲಿ ಬರೀ ಮೊಳೆ ಇತ್ತು.

ಹಜಾರದ ಆ ತುದಿಯ ದೊಡ್ಡ ಕಿಟಕಿಯ ಬಾಗಿಲುಗಳು ಪೂರಾ ತೆರೆದಿದ್ದವು. ಅದರ ಮುಂದೆ ಕುರ್ಚಿ, ಕುರ್ಚಿಯ ಮೇಲೆ ಚೌಕಟ್ಟು, ಅದರ ಮೇಲೆ ಉರಿಬಿಸಿಲು. ಪಕ್ಕದಲ್ಲಿ ಕತ್ತರಿ ಮಾಮ, ಇಸ್ತ್ರಿ ಅಂಗಿ ತೊಟ್ಟು ಕಾವಲು ನಿಂತಿದ್ದರು. "ಬಾ ಪುಟ್ಟಿ. ಆ ಮೂಲೇಲಿ ಮೇಷ್ಟ್ರು ಬಾಡಿಹೋಗ್ತಿದ್ರು. ಬೆಳಿಗ್ಗೆಯಿಂದ ಬಿಸಿಲಲ್ಲೇ ಇಟ್ಟಿದೀನಿ," ಎಂದರು. ಬಿಸಿಲು ಸರಿದಾಗಲೆಲ್ಲ ಕುರ್ಚಿಯನ್ನೂ ಸರಿಸಿದ್ದರಂತೆ. ಊಟಕ್ಕೂ ಹೋಗಿರಲಿಲ್ಲವಂತೆ. ವ್ಯವಸ್ಥಾಪಕಿ ಕೇಳಿದ್ದಕ್ಕೆ, ಬಿಸಿಲು ಬೇಕೆಂದು ಪುಟ್ಟಿಯೇ ಹೇಳಿದ್ದಾಳೆ ಅಂದರಂತೆ.

ಕಾಗದ ಬಿಳಿಚಿಕೊಂಡಿತ್ತು. ಹುಬ್ಬಿರಲಿಲ್ಲ, ಗಾಯವಿರಲಿಲ್ಲ, ಅಪ್ಪ ಇರಲಿಲ್ಲ. ಒಂದು ಅಂಚಿನಲ್ಲಿ ಚಹಾದ ಕಲೆಯಂಥ ಬಣ್ಣ, ಅಷ್ಟೇ. ಹೂವು ಮುಗಿದಿತ್ತು, ಫಿಲ್ಮು ಹರಿದಿತ್ತು. ಮಾಮ ನನ್ನ ಮುಖ ನೋಡಿದರು, ಕಾಗದ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಅವರ ಕೈ ಸೊಂಟದ ಕತ್ತರಿಯನ್ನು ಹುಡುಕಿತು. ಅವರನ್ನು ಕೊಂದುಬಿಡಬೇಕು ಅನ್ನಿಸಿತು. ಮರುಗಳಿಗೆ ನನ್ನನ್ನೇ.

ಅಮ್ಮ ಕುರ್ಚಿಯ ಹತ್ತಿರ ಹೋಗಿ ಬಗ್ಗಿದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಕಾಗದ ನೋಡಿದಳು, ಮಾಮನನ್ನು ನೋಡಿದಳು, ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೆಟ್ಟಗೆ ನಿಂತು ಮಾಮನ ಕೈ ಹಿಡಿದುಕೊಂಡಳು.

"ಚಿತ್ರ ಚೆನ್ನಾಗೇ ಇರತ್ತೆ ಬಿಡಪ್ಪ. ನನ್ನ ಕಣ್ಣೇ ಸರಿಯಾಗಲಿಲ್ಲ ನೋಡು," ಅಂದಳು. "ನಿಂಗೆ ಕಾಣ್ತಿದಾರೆ ತಾನೆ, ಪುಟ್ಟಿ?"

ಈಗ ನಿಜ ಹೇಳಬೇಕು, ಹೇಳಲೇಬೇಕು ಅಂದುಕೊಂಡೆ. ಮಾಮ ಅಮ್ಮನ ಕೈ ಬಿಡದೆ ನನ್ನ ಬಾಯನ್ನೇ ನೋಡುತ್ತಿದ್ದರು.

"ಕಾಣ್ತಿದಾರಮ್ಮ," ಅಂದೆ.

"ಹೇಗಿದಾರೆ ಹೇಳು ಮತ್ತೆ."

ಆ ಬೋಳು ಕಾಗದವನ್ನು ನೋಡುತ್ತ ಹೇಳಿದೆ. ಹುಬ್ಬು, ಗಾಯ, ಕಿವಿಯ ಮೇಲೆ ಬಾಚದ ಕೂದಲು. ಅಮ್ಮ ಪ್ರತಿಯೊಂದಕ್ಕೂ ತಲೆದೂಗಿದಳು. ನಮ್ಮ ಮನೆಯ ಗಂಡಸನ್ನು ಅಳಿಸಿಹಾಕಿದರೆಂದು ಎಪ್ಪತ್ತು ದಿನ ಈ ಬಂಗಲೆಯನ್ನು ಬೈದವಳು ನಾನು. ಎಂಬತ್ತೊಂದರ ಅಮ್ಮ ಕಷ್ಟಪಟ್ಟು ಪಡೆದ ಕಣ್ಣನ್ನು ನನ್ನ ಸಲುವಾಗಿ ವಾಪಸು ಕೊಡುತ್ತಿದ್ದಳು, ನಾನು ತೆಗೆದುಕೊಂಡೆ.

ವಾಪಸು ಹೋಗುವಾಗ ಕಾರಿನಲ್ಲಿ ಅವಳು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟಳು. ಹೊರಗೆ ಇನ್ನೂ ಒಳ್ಳೆಯ ಬೆಳಕಿತ್ತು. ಒಂದು ಬೋರ್ಡನ್ನೂ ಓದಲಿಲ್ಲ. ಅಜ್ಜಿಗೆ ಸುಸ್ತಾಯ್ತಾ ಎಂದು ಡ್ರೈವರು ಕನ್ನಡಿಯಲ್ಲಿ ನೋಡಿ ಕೇಳಿದ.

"ಅದೇನು ಬರೆದಿದೆ, ಓದಿ ಹೇಳು," ಎಂದಳು ಅಮ್ಮ, ಕಿಟಕಿಯಾಚೆ ಕೈ ತೋರಿಸಿ. ಬೆರಳು ನೇರವಾಗಿ ಬೋರ್ಡಿನ ಕಡೆಗೇ ಇತ್ತು.

ಬೀಗದ ರಿಪೇರಿ ಎಂದು ಓದಿದೆ. ಔಷಧಿ ಅಂಗಡಿ ಎಂದು ಓದಿದೆ. ಅಕ್ಕನ ಮನೆ ಬರುವವರೆಗೂ ಒಂದನ್ನೂ ಬಿಡದೆ ಓದಿದೆ.